ರನ್ನುಗಳ ಎಣಿಕೆ, ನ್ಯಾಯದ ತೂಕ



ನಾಲ್ಕು ಮಂದಿ ಕನ್ನಡಿಗರು ಕಲೆತ ಕಡೆ ಕ್ರಿಕೆಟ್ಟಿನ ಮಾತು ಬಾರದಿರುವುದು ಅಪರೂಪ. ಮಾತು ಬಂದ ಮೇಲೆ ‘ಎಲ್ಲರಿಗಿಂತ ದೊಡ್ಡ ಬ್ಯಾಟುಗಾರ ಯಾರು?’ ಎಂಬ ಪ್ರಶ್ನೆ ಏಳದಿರುವುದು ಇನ್ನೂ ಅಪರೂಪ. ಹಿರಿಯರು ವಿಶ್ವನಾಥ್, ಗಾವಸ್ಕರ್ ಎಂದರೆ ಅವರ ನಂತರದವರು ತೆಂಡೂಲ್ಕರ್, ದ್ರಾವಿಡ್ ಎನ್ನುತ್ತಾರೆ. ಕಿರಿಯರು ಕೊಹ್ಲಿಯ ಹೆಸರು ಹೇಳುತ್ತಾರೆ. ವಾದ ಕಾವೇರಿದಾಗ ಯಾರಾದರೊಬ್ಬರು ಸರಾಸರಿಯ ಅಂಕಿಯೊಂದನ್ನು ಮುಂದಿಡುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಅಂಕಿಗೆ ಪಕ್ಷಪಾತವಿಲ್ಲವೆಂಬುದು ನಮ್ಮೆಲ್ಲರ ನಂಬಿಕೆ.

ಆದರೆ ಅಂಕಿ ತಾನಾಗಿ ಹುಟ್ಟಿದ್ದಲ್ಲ. ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು, ಯಾವುದರಿಂದ ಭಾಗಿಸಬೇಕು ಎಂಬುದನ್ನೆಲ್ಲ ಒಂದೊಂದು ಕಾಲದಲ್ಲಿ ಒಬ್ಬೊಬ್ಬರು ಗೊತ್ತುಮಾಡಿದರು. ಹಳ್ಳಿಯ ಅಂಗಡಿಯಲ್ಲಿ ಸೇರು ಒಂದೇ ಆದರೂ ಬಾಯಿಮಟ್ಟಕ್ಕೆ ಸವರಿ ಅಳೆದ ಅಕ್ಕಿಗೂ ಗೋಪುರವಾಗಿ ತುಂಬಿ ಅಳೆದ ಅಕ್ಕಿಗೂ ವ್ಯತ್ಯಾಸವಿತ್ತೆಂಬುದನ್ನು ನಮ್ಮಲ್ಲಿ ಹಲವರು ಬಲ್ಲರು. ಬ್ಯಾಟುಗಾರನ ಅಳತೆಯಲ್ಲಿಯೂ ಅಂಥದೇ ಕಥೆಯಿದೆ. ಸುಮಾರು ಇನ್ನೂರೆಂಬತ್ತು ವರ್ಷಗಳ ಆ ಕಥೆಯನ್ನು ಈ ಹೊತ್ತು ಸಂಕ್ಷೇಪವಾಗಿ ನೋಡೋಣ. ನಾವು ಪ್ರತಿಪಾದಿಸಬಯಸುವ ವಿಚಾರ ಇಷ್ಟು: ಪ್ರತಿಯೊಂದು ಅಳತೆಯೂ ಯಾವುದೋ ಒಂದು ಪ್ರಶ್ನೆಗೆ ಕೊಟ್ಟ ಉತ್ತರ, ಪ್ರಶ್ನೆಯನ್ನು ಮರೆತು ಉತ್ತರವನ್ನಷ್ಟೇ ಹಿಡಿದಾಗ ಆಟಗಾರನಿಗೆ ಅನ್ಯಾಯವಾಗುತ್ತದೆ.

ಕೋಲಿನ ಗೀರಿನಿಂದ ಕಾಗದದ ಅಂಕಿಗೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ರನ್ನುಗಳ ಲೆಕ್ಕವಿಡುತ್ತಿದ್ದುದು ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕಿ. ರನ್ನಿಗೆ ಆಗ ‘ಗೀರು’ ಎಂಬ ಅರ್ಥದ ಹೆಸರೇ ಇತ್ತು. ಯಾವ ತಂಡ ಗೆದ್ದಿತೆಂದು ತಿಳಿಯಲು ಆ ಕೋಲು ಸಾಕಾಗಿತ್ತು. ಯಾರು ಎಷ್ಟು ಹೊಡೆದರೆಂಬುದನ್ನು ಅದು ಹೇಳುತ್ತಿರಲಿಲ್ಲ. 1744ರಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಕೆಂಟ್ ತಂಡಕ್ಕೂ ಇಂಗ್ಲೆಂಡ್ ತಂಡಕ್ಕೂ ನಡೆದ ಪಂದ್ಯದ ಸ್ಕೋರುಪಟ್ಟಿ ಉಳಿದು ಬಂದಿದೆ. ಪ್ರತಿಯೊಬ್ಬನ ರನ್ನನ್ನೂ ಬೇರೆಬೇರೆಯಾಗಿ ಕೊಡುವ ಅತ್ಯಂತ ಹಳೆಯ ಪಟ್ಟಿಗಳಲ್ಲಿ ಅದೂ ಒಂದು. ತಂಡದ ಲೆಕ್ಕವು ವ್ಯಕ್ತಿಯ ಲೆಕ್ಕವಾದದ್ದು ಹೀಗೆ. ವ್ಯಕ್ತಿಯ ಲೆಕ್ಕ ಬಂದೊಡನೆ ವ್ಯಕ್ತಿಗಳನ್ನು ಹೋಲಿಸುವ ಆಸೆಯೂ ಬಂದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸರಾಸರಿಯನ್ನು ಅಚ್ಚುಮಾಡುವ ಪದ್ಧತಿ ಬೇರೂರಿತು. ಆರಂಭದಲ್ಲಿ ಅದಕ್ಕೆ ದಶಮಾಂಶವಿರಲಿಲ್ಲ. ಭಾಗಲಬ್ಧವನ್ನೂ ಶೇಷವನ್ನೂ ಪಕ್ಕಪಕ್ಕದಲ್ಲಿ ಬರೆಯುತ್ತಿದ್ದರು. ಉದಾಹರಣೆಗೆ 18 ಇನಿಂಗ್ಸ್‌ಗಳಲ್ಲಿ 245 ರನ್ ಮಾಡಿದವನ ಸರಾಸರಿ ‘13, ಮೇಲೆ 11’ ಎಂದಾಗುತ್ತಿತ್ತು. ಕ್ರಮೇಣ ದಶಮಾಂಶ ಬಂದಿತು. ಇನಿಂಗ್ಸ್‌ಗಳಿಂದ ಭಾಗಿಸುವುದಕ್ಕೆ ಬದಲಾಗಿ ಎಷ್ಟು ಸಲ ಔಟಾದನೋ ಅಷ್ಟರಿಂದ ಭಾಗಿಸುವ ರೂಢಿಯೂ ನೆಲೆಗೊಂಡಿತು. ಇಂದಿಗೂ ನಾವು ಬಳಸುವುದು ಅದನ್ನೇ.

ಈ ಅಳತೆ ಅಟ್ಲಾಂಟಿಕ್ ದಾಟಿ, ನಾವೀಗ ನೆಲೆಸಿರುವ ಈ ದೇಶಕ್ಕೂ ಬಂದ ಬಗೆ ಸ್ವಾರಸ್ಯಕರವಾಗಿದೆ. ಕ್ರಿಕೆಟ್ಟಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು 1844ರಲ್ಲಿ, ನ್ಯೂಯಾರ್ಕಿನಲ್ಲಿ, ಅಮೆರಿಕ ಮತ್ತು ಕೆನಡಾ ತಂಡಗಳ ನಡುವೆ. ಆ ಕಾಲದ ನ್ಯೂಯಾರ್ಕ್ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರಲ್ಲಿ ಹೆನ್ರಿ ಚಾಡ್ವಿಕ್ ಒಬ್ಬ. ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ 1824ರಲ್ಲಿ ಹುಟ್ಟಿ ಬಾಲ್ಯದಲ್ಲೇ ಇಲ್ಲಿಗೆ ವಲಸೆ ಬಂದವನು. ಬೇಸ್‌ಬಾಲ್ ಆಟಕ್ಕೆ ಮನಸೋತ ಮೇಲೆ, ಕ್ರಿಕೆಟ್ಟಿನ ಸ್ಕೋರುಪಟ್ಟಿಯನ್ನು ಮಾದರಿಯಾಗಿಟ್ಟುಕೊಂಡು ಆ ಆಟಕ್ಕೂ ಒಂದು ಪಟ್ಟಿಯನ್ನು ರೂಪಿಸಿದನು. ನಮ್ಮ ಮಕ್ಕಳು ಇಲ್ಲಿ ಕಂಠಪಾಠ ಮಾಡುವ ಬ್ಯಾಟಿಂಗ್ ಸರಾಸರಿಗೆ ಕ್ರಿಕೆಟ್ಟಿನ ರಕ್ತಸಂಬಂಧವಿದೆ.

ಆ ಅಳತೆಯೊಳಗೆ ಚಾಡ್ವಿಕ್‌ನ ಒಂದು ಅಭಿಪ್ರಾಯವೂ ಸೇರಿಕೊಂಡಿತು. ಎಸೆಯುವವನು ಗುರಿ ತಪ್ಪಿ ನಾಲ್ಕು ಎಸೆತಗಳನ್ನು ಹೊರಗೆ ಹಾಕಿದರೆ ಆಟಗಾರನು ನಡೆದುಕೊಂಡೇ ಮೊದಲ ನೆಲೆಗೆ ಹೋಗಬಹುದಷ್ಟೆ. ಅದು ಎಸೆದವನ ತಪ್ಪೇ ಹೊರತು ಹೊಡೆಯುವವನ ಗುಣವಲ್ಲವೆಂದು ಚಾಡ್ವಿಕ್ ನಂಬಿದ್ದನು. ಆದ್ದರಿಂದ ಕೆಟ್ಟ ಎಸೆತವನ್ನು ಬಿಡುವ ತಾಳ್ಮೆಗೆ ಸರಾಸರಿಯಲ್ಲಿ ಬೆಲೆ ಸಿಗಲಿಲ್ಲ. 1887ರಲ್ಲಿ ಒಂದೇ ಒಂದು ವರ್ಷ ಅದನ್ನು ಹೊಡೆತದಂತೆ ಎಣಿಸಿ ಮತ್ತೆ ಕೈಬಿಟ್ಟರು. ನೆಲೆ ತಲುಪಿದ ಪ್ರಮಾಣವೆಂಬ ಬೇರೆ ಅಳತೆಗೆ ಅಧಿಕೃತ ಸ್ಥಾನ ದೊರೆತದ್ದು 1984ರಲ್ಲಿ. ಒಬ್ಬ ಬರಹಗಾರನ ಅಭಿಪ್ರಾಯವು ಅಂಕಿಯ ವೇಷ ತೊಟ್ಟು ಅಷ್ಟು ಕಾಲ ತಾಳ್ಮೆಯ ಆಟಗಾರರ ಬೆಲೆಯನ್ನು ತಗ್ಗಿಸಿತೆಂಬುದನ್ನು ನಾವು ಗಮನಿಸಬೇಕು.

ಔಟಾಗದವನ ಸಮಸ್ಯೆ

ಕ್ರಿಕೆಟ್ಟಿನಲ್ಲಿ ಇದಕ್ಕೆ ಸಾಟಿಯಾದ ತೊಡಕು ಔಟಾಗದೆ ಉಳಿದವನದು. ಇಬ್ಬರು ಆಟಗಾರರು ತಲಾ 10 ಇನಿಂಗ್ಸ್ ಆಡಿ ತಲಾ 400 ರನ್ ಮಾಡಿದರೆಂದು ಊಹಿಸೋಣ. ಮೊದಲನೆಯವನು ಹತ್ತು ಸಲವೂ ಔಟಾದನು. ಅವನ ಸರಾಸರಿ 40. ಕೆಳಗಿನ ಕ್ರಮಾಂಕದಲ್ಲಿ ಬರುವ ಎರಡನೆಯವನು ಐದು ಸಲ ಔಟಾಗದೆ ಉಳಿದನು. ಅವನ ಸರಾಸರಿ 80. ಎರಡನೆಯವನು ಮೊದಲನೆಯವನಿಗಿಂತ ಇಮ್ಮಡಿ ಸಮರ್ಥನೇ? ಹೌದೆನ್ನಲು ಮನಸ್ಸು ಒಪ್ಪುವುದಿಲ್ಲ. ಹಾಗೆಂದು ಇಬ್ಬರನ್ನೂ 40ಕ್ಕೇ ನಿಲ್ಲಿಸಿದರೆ, ಕೊನೆಯವರೆಗೂ ವಿಕೆಟ್ ಉಳಿಸಿಕೊಂಡವನ ಶ್ರಮಕ್ಕೆ ಬೆಲೆಯಿಲ್ಲದಂತಾಗುತ್ತದೆ.

ಇದು ಬರಿಯ ಊಹೆಯ ಮಾತಲ್ಲ. 1953ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಆಸ್ಟ್ರೇಲಿಯಾ ತಂಡದಲ್ಲಿ ಬಿಲ್ ಜಾನ್ಸ್‌ಟನ್ ಎಂಬ ಶ್ರೇಷ್ಠ ಎಡಗೈ ಬೌಲರ್ ಇದ್ದನು. ಬ್ಯಾಟಿಂಗಿನಲ್ಲಿ ಅವನು ಕೊನೆಯ ಸಾಲಿನವನು. ಆ ಪ್ರವಾಸದಲ್ಲಿ 17 ಇನಿಂಗ್ಸ್ ಆಡಿ, 16 ಸಲ ಔಟಾಗದೆ ಉಳಿದು, ಒಟ್ಟು 102 ರನ್ ಮಾಡಿದನು. ಔಟಾದದ್ದು ಒಂದೇ ಸಲವಾದ್ದರಿಂದ ಸರಾಸರಿಯೂ 102! ಪ್ರತಿ ಇನಿಂಗ್ಸ್‌ಗೆ ಲೆಕ್ಕ ಹಾಕಿದರೆ ಕೇವಲ 6. ಏಕದಿನ ಪಂದ್ಯಗಳಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಬೆವನ್ 196 ಇನಿಂಗ್ಸ್‌ಗಳಲ್ಲಿ 67 ಸಲ ಔಟಾಗದೆ ಉಳಿದು 6,912 ರನ್ ಗಳಿಸಿದನು. ರೂಢಿಯ ಸರಾಸರಿ 53.58, ಇನಿಂಗ್ಸ್ ಒಂದಕ್ಕೆ 35.27. ಜಾನ್ಸ್‌ಟನ್‌ನ ಅಂಕಿ ನಗೆ ತರಿಸುತ್ತದೆ. ಬೆವನ್‌ನದು ನಿಜವಾದ ಸಾಮರ್ಥ್ಯವನ್ನೇ ತೋರಿಸುತ್ತದೆ. ಆದರೆ ಸೂತ್ರ ಇಬ್ಬರಿಗೂ ಒಂದೇ.

ಈ ಗಂಟನ್ನು ಬಿಡಿಸಲು ಮೊದಲು ಕೈಹಾಕಿದವರಲ್ಲಿ ಜೀವವಿಮೆಯ ಗಣಿತಜ್ಞನೊಬ್ಬನಿದ್ದದ್ದು ಆಕಸ್ಮಿಕವಲ್ಲ. ವಿಮಾ ಗಣಿತಕ್ಕೆ ಇಂಥ ತೊಡಕು ಹಳೆಯದು: ಲೆಕ್ಕ ಹಾಕುವ ದಿನ ಇನ್ನೂ ಬದುಕಿರುವವರ ಒಟ್ಟು ಆಯಸ್ಸು ಎಷ್ಟೆಂದು ಹೇಗೆ ಬರೆಯುವುದು? ಔಟಾಗದೆ ಹಿಂತಿರುಗಿದ ಬ್ಯಾಟುಗಾರನೂ ಅಂಥವನೇ. ಅವನ ಆಟದ ಆಯಸ್ಸು ಪೂರ್ಣವಾಗಿ ನಮಗೆ ಗೊತ್ತಾಗಿಲ್ಲ. ವಿಲಿಯಂ ಪಾಲಿನ್ ಎಲ್ಡರ್ಟನ್ ಮತ್ತು ಜಿ. ಎಚ್. ವುಡ್ ಎಂಬಿಬ್ಬರು 1945ರಲ್ಲಿ ಇಂಗ್ಲೆಂಡಿನ ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಕ್ರಿಕೆಟ್ ಸ್ಕೋರುಗಳನ್ನು ಕುರಿತು ಪ್ರಬಂಧಗಳನ್ನು ಪ್ರಕಟಿಸಿದರು. ಸ್ಕೋರುಗಳು ಗುಣೋತ್ತರ ಶ್ರೇಢಿಯನ್ನು ಅನುಸರಿಸುತ್ತವೆಯೇ ಎಂಬುದು ವುಡ್‌ನ ವಿಚಾರಣೆ. ಸರಳವಾಗಿ ಹೇಳುವುದಾದರೆ, ಆಟಗಾರನು ಸೊನ್ನೆಯಲ್ಲಿರಲಿ, ಐವತ್ತರಲ್ಲಿರಲಿ, ತೊಂಬತ್ತರಲ್ಲಿರಲಿ, ಮುಂದಿನ ರನ್ನಿಗೆ ಮೊದಲು ಔಟಾಗುವ ಅಪಾಯ ಒಂದೇ ಸಮನಾಗಿರುತ್ತದೆಯೇ?

ಇದು ಏಕೆ ಮುಖ್ಯವೆಂದರೆ, ಅಪಾಯ ಒಂದೇ ಸಮನಾಗಿದ್ದ ಪಕ್ಷದಲ್ಲಿ ನಮ್ಮ ರೂಢಿಯ ಸರಾಸರಿ ಸಂಪೂರ್ಣ ನ್ಯಾಯವಾದದ್ದೆಂದು ಗಣಿತದಿಂದ ತೋರಿಸಬಹುದು. ಆದರೆ ವಾಸ್ತವದಲ್ಲಿ ಅಪಾಯ ಸಮನಾಗಿರುವುದಿಲ್ಲ. ಕಣ್ಣು ಹೊಂದಿಕೊಳ್ಳುವ ಮುಂಚೆ, ಮೊದಲ ಕೆಲವು ರನ್ನುಗಳಲ್ಲಿ, ಅದು ಹೆಚ್ಚು. ನೆಲೆಯೂರಿದ ಮೇಲೆ ಕಡಿಮೆ. 1958ರಲ್ಲಿ ಎಡ್ವರ್ಡ್ ಕ್ಯಾಪ್ಲನ್ ಮತ್ತು ಪಾಲ್ ಮೈಯರ್ ಎಂಬ ಅಮೆರಿಕದ ವಿದ್ವಾಂಸರು, ಅಧ್ಯಯನ ಮುಗಿಯುವಾಗ ಇನ್ನೂ ಬದುಕಿರುವ ರೋಗಿಗಳನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳುವಂಥ ವಿಧಾನವನ್ನು ಪ್ರಕಟಿಸಿದರು. ಇಂದು ಅದು ವೈದ್ಯಕೀಯ ಸಂಶೋಧನೆಯ ನಿತ್ಯದ ಸಾಧನ. 1989ರಲ್ಲಿ ಡಾನಹರ್ ಎಂಬ ಸಂಖ್ಯಾಶಾಸ್ತ್ರಜ್ಞನು ಅದೇ ವಿಧಾನವನ್ನು ಬ್ಯಾಟಿಂಗ್ ಸರಾಸರಿಗೆ ಅನ್ವಯಿಸಿದನು. 1993ರಲ್ಲಿ ಕಿಂಬರ್ ಮತ್ತು ಹ್ಯಾನ್ಸ್‌ಫರ್ಡ್ ಆ ವಿಚಾರವನ್ನು ಮುಂದುವರಿಸಿದರು. ಇಲ್ಲಿ ಔಟಾಗದ ಇನಿಂಗ್ಸನ್ನು ಬಿಟ್ಟುಬಿಡುವುದೂ ಇಲ್ಲ, ಪೂರ್ಣ ಇನಿಂಗ್ಸ್ ಎಂದು ಎಣಿಸುವುದೂ ಇಲ್ಲ. ‘ಇಷ್ಟರವರೆಗೆ ಬದುಕಿದ್ದನು’ ಎಂಬ ಸಾಕ್ಷ್ಯವನ್ನಷ್ಟೇ ಸ್ವೀಕರಿಸಲಾಗುತ್ತದೆ. ಆಟಗಾರನ ಅತ್ಯಧಿಕ ಸ್ಕೋರೇ ಔಟಾಗದೆ ಬಂದದ್ದಾದರೆ ಈ ವಿಧಾನವೂ ತೊಡಕಿಗೆ ಸಿಕ್ಕುತ್ತದೆ. ಹೀಗಿದ್ದರೂ ಔಟಾಗದವನಿಗೆ ಎಷ್ಟು ಸಲ್ಲಬೇಕೆಂಬ ಹಳೆಯ ಜಗಳಕ್ಕೆ ತರ್ಕಬದ್ಧವಾದ ದಾರಿಯೊಂದನ್ನು ಅದು ತೋರಿಸಿತು.

ಕಾಲದ ತಕ್ಕಡಿ

ಎರಡನೆಯ ತೊಡಕು ಬೇರೆ ಬೇರೆ ಕಾಲದವರನ್ನು ಹೋಲಿಸುವುದು. ಇಲ್ಲಿ ಬ್ರ್ಯಾಡ್‌ಮನ್‌ನ ಹೆಸರನ್ನು ಎತ್ತದೆ ಗತ್ಯಂತರವಿಲ್ಲ. 52 ಟೆಸ್ಟ್, 80 ಇನಿಂಗ್ಸ್, 6,996 ರನ್, 29 ಶತಕ, ಸರಾಸರಿ 99.94. 1948ರ ಆಗಸ್ಟ್ 14ರಂದು ಓವಲ್ ಮೈದಾನದಲ್ಲಿ ಕೊನೆಯ ಇನಿಂಗ್ಸ್‌ಗೆ ಇಳಿದಾಗ ನಾಲ್ಕೇ ರನ್ ಮಾಡಿದ್ದರೂ ಸರಾಸರಿ ನೂರಾಗುತ್ತಿತ್ತು. ಎರಿಕ್ ಹಾಲಿಸ್‌ನ ಎಸೆತಕ್ಕೆ ಸೊನ್ನೆಗೆ ಬೌಲ್ಡಾದ ಸಂಗತಿ ಎಲ್ಲರಿಗೂ ತಿಳಿದದ್ದೇ. ಅವನ ಕಾಲದ ಪಿಚ್‌ಗಳೇ ಬೇರೆ, ನಿಯಮಗಳೇ ಬೇರೆ, ಎದುರಾಳಿಗಳೂ ಕೆಲವರೇ ಎಂದು ಆಕ್ಷೇಪಿಸುವವರುಂಟು. ಅದಕ್ಕೆ ಸಂಖ್ಯಾಶಾಸ್ತ್ರದ ಉತ್ತರ ಹೀಗೆ: ಆಟಗಾರನನ್ನು ಬೇರೆ ಕಾಲದವರೊಡನೆ ನೇರವಾಗಿ ತೂಗಬೇಡಿ; ಉಳಿದ ಆಟಗಾರರ ಸಾಮಾನ್ಯ ಮಟ್ಟದಿಂದ ಅವನು ಎಷ್ಟು ಮೇಲಿದ್ದನೆಂಬುದನ್ನು ನೋಡಿ, ಅದನ್ನು ಅವರ ನಡುವಿನ ಸಹಜ ಏರುಪೇರಿನಿಂದ ಭಾಗಿಸಿ. ಆ ಏರುಪೇರಿನ ಅಳತೆಗೆ ಮಾನಕ ವಿಚಲನೆ ಎಂದು ಹೆಸರು.

ಆಸ್ಟ್ರೇಲಿಯಾದ ಚಾರ್ಲ್ಸ್ ಡೇವಿಸ್ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕ್ರಮವನ್ನು ಅನುಸರಿಸಿ ನಾನಾ ಆಟಗಳ ಮಹಾನುಭಾವರನ್ನು ಒಂದೇ ತಕ್ಕಡಿಯಲ್ಲಿಟ್ಟರು. ಬ್ರ್ಯಾಡ್‌ಮನ್ 4.4, ಫುಟ್‌ಬಾಲಿನ ಪೆಲೆ 3.7, ಬೇಸ್‌ಬಾಲಿನ ಟೈ ಕಾಬ್ 3.6, ಗಾಲ್ಫಿನ ಜ್ಯಾಕ್ ನಿಕ್ಲಾಸ್ 3.5, ಬ್ಯಾಸ್ಕೆಟ್‌ಬಾಲಿನ ಮೈಕೆಲ್ ಜೋರ್ಡನ್ 3.4. ಶಾಲೆಯ ಗೆಳೆಯರಿಗೆ ಬ್ರ್ಯಾಡ್‌ಮನ್ ಯಾರೆಂದು ವಿವರಿಸಲು ನಮ್ಮ ಮಕ್ಕಳಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ.

ಆದರೆ ಇಲ್ಲಿಯೂ ಎಚ್ಚರ ಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1996ರ ಪುಸ್ತಕದಲ್ಲಿ ಬೇಸ್‌ಬಾಲಿನ ಒಂದು ಒಗಟನ್ನು ಎತ್ತಿಕೊಂಡರು. ಅಮೆರಿಕನ್ ಮತ್ತು ನ್ಯಾಷನಲ್ ಲೀಗುಗಳಲ್ಲಿ 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಸರಾಸರಿ ಸಾಧಿಸಿದ ಮೇಲೆ ಯಾರೂ 0.400 ಮುಟ್ಟಿಲ್ಲ. ಆಟ ಕೆಟ್ಟಿತೇ? ಇಲ್ಲ, ಎಲ್ಲರ ಮಟ್ಟವೂ ಏರಿ, ಉತ್ತಮರಿಗೂ ಸಾಧಾರಣರಿಗೂ ನಡುವಿನ ಅಂತರ ಕಿರಿದಾಯಿತು ಎಂಬುದು ಗೌಲ್ಡರ ವಾದ. ಅಂದರೆ ಏರುಪೇರು ಕೂಡ ಕಾಲದೊಂದಿಗೆ ಬದಲಾಗುತ್ತದೆ. ದುರ್ಬಲರು ಹೆಚ್ಚಾಗಿದ್ದ ಕಾಲದಲ್ಲಿ ಬಲಿಷ್ಠನು ಇನ್ನಷ್ಟು ಎತ್ತರವಾಗಿ ಕಾಣುತ್ತಾನೆ. ಬ್ರ್ಯಾಡ್‌ಮನ್‌ನ ಅಂತರ ಇಂಥ ಸಂದೇಹದಿಂದ ಕರಗಿಹೋಗುವಷ್ಟು ಚಿಕ್ಕದಲ್ಲ. ಆದರೆ ಉಳಿದವರ ವಿಷಯದಲ್ಲಿ ಈ ಮಾತನ್ನು ಮರೆಯಬಾರದು.

ಎದುರಾಳಿ ಮತ್ತು ಅಂಗಳ

ಒಂದೇ ಕಾಲದೊಳಗೂ ಎಲ್ಲ ರನ್ನುಗಳಿಗೆ ಒಂದೇ ತೂಕವಿಲ್ಲ. ಆಸ್ಟ್ರೇಲಿಯಾದ ಆಡಂ ವೋಜಸ್ 2015 ಮತ್ತು 2016ರಲ್ಲಿ 20 ಟೆಸ್ಟ್ ಆಡಿ 1,485 ರನ್ ಗಳಿಸಿದನು. ಸರಾಸರಿ 61.87. ಪಟ್ಟಿಯನ್ನಷ್ಟೇ ನೋಡಿದರೆ ಬ್ರ್ಯಾಡ್‌ಮನ್‌ನ ನಂತರದ ಮೊದಲ ಕೆಲವು ಸಾಲುಗಳಲ್ಲೇ ಅವನ ಹೆಸರು. ಆ ರನ್ನುಗಳಲ್ಲಿ 542 ವೆಸ್ಟ್ ಇಂಡೀಸ್ ವಿರುದ್ಧ ಬಂದವು. ಆ ತಂಡ ಅವನನ್ನು ಔಟ್ ಮಾಡಿದ್ದು ಒಂದೇ ಸಲ. ಉಳಿದೆಲ್ಲ ತಂಡಗಳ ವಿರುದ್ಧ ಅವನ ಸರಾಸರಿ 41. ಗುಂಡಪ್ಪ ವಿಶ್ವನಾಥರು 91 ಟೆಸ್ಟ್‌ಗಳಲ್ಲಿ ಗಳಿಸಿದ್ದು 6,080 ರನ್; ಸರಾಸರಿ 41.93. ಪಟ್ಟಿಯ ಪ್ರಕಾರ ಇಬ್ಬರ ನಡುವೆ ಇಪ್ಪತ್ತು ರನ್ನುಗಳ ಅಂತರ. ಒಬ್ಬ ಎದುರಾಳಿಯನ್ನು ಬದಿಗಿಟ್ಟರೆ ಆ ಅಂತರ ಮಾಯವಾಗುತ್ತದೆ. ಯಾರೊಬ್ಬರ ಉತ್ತಮ ಭಾಗವನ್ನು ಮಾತ್ರ ಕಿತ್ತುಹಾಕಿ ತೂಗುವುದು ನ್ಯಾಯವಲ್ಲ, ನಿಜ. ನಮ್ಮ ಉದ್ದೇಶ ವೋಜಸ್‌ನನ್ನು ಕೆಳಗಿಳಿಸುವುದಲ್ಲ. 31 ಇನಿಂಗ್ಸ್‌ಗಳ ಅಂಕಿ 155 ಇನಿಂಗ್ಸ್‌ಗಳ ಅಂಕಿಯಷ್ಟು ಗಟ್ಟಿಯಲ್ಲವೆಂದು ತೋರಿಸುವುದು.

ಅಂಗಳದ ಮಾತೂ ಹಾಗೆಯೇ. ಡೆನ್ವರ್ ನಗರ ಎತ್ತರದಲ್ಲಿದ್ದು ಗಾಳಿ ತೆಳುವಾದ್ದರಿಂದ ಅಲ್ಲಿ ಚೆಂಡು ದೂರ ಹಾರುತ್ತದೆ. ಬೇಸ್‌ಬಾಲ್ ಪಂಡಿತರು ಆ ಮೈದಾನದ ರನ್ನುಗಳಿಗೆ ತಕ್ಕಷ್ಟು ಕಡಿತ ಮಾಡಿ ಹೋಲಿಸುತ್ತಾರೆ. ನಮ್ಮ ಬೆಂಗಳೂರೂ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಚಿನ್ನಸ್ವಾಮಿ ಕ್ರೀಡಾಂಗಣದ ಗಡಿಗೆರೆಗಳೂ ಹತ್ತಿರ. 2013ರ ಏಪ್ರಿಲ್ 23ರಂದು ಕ್ರಿಸ್ ಗೇಲ್ ಅಲ್ಲಿ 66 ಎಸೆತಗಳಲ್ಲಿ ಔಟಾಗದೆ 175 ರನ್ ಚಚ್ಚಿದ್ದು ಅದ್ಭುತವೇ ಸರಿ. ಅಷ್ಟೇ ರನ್ನು ದೊಡ್ಡ ಮೈದಾನದಲ್ಲಿ, ನಿಧಾನದ ಪಿಚ್ಚಿನಲ್ಲಿ ಬಂದಿದ್ದರೆ ಅದರ ತೂಕ ಇನ್ನೂ ಹೆಚ್ಚಾಗುತ್ತಿತ್ತು. ರಾಹುಲ್ ದ್ರಾವಿಡರ ಹಿರಿಮೆ ಈ ದೃಷ್ಟಿಯಿಂದ ಸ್ಪಷ್ಟವಾಗುತ್ತದೆ. ಟೆಸ್ಟ್ ಪಂದ್ಯಗಳಲ್ಲಿ ಅವರ ಸರಾಸರಿ ಸ್ವದೇಶದಲ್ಲಿ 51.35, ಹೊರದೇಶಗಳಲ್ಲಿ 53.03. ಪರಿಚಿತ ನೆಲವನ್ನು ಬಿಟ್ಟ ಮೇಲೆ ಇನ್ನೂ ಚೆನ್ನಾಗಿ ಆಡಿದವರು ವಿರಳ. ವಲಸೆ ಬಂದ ನಮ್ಮಂಥವರಿಗೆ ಆ ಅಂಕಿ ವಿಶೇಷವಾಗಿ ಪ್ರಿಯವಾದರೆ ಆಶ್ಚರ್ಯವಿಲ್ಲ.

ವೇಗದ ಲೆಕ್ಕ

ಕಾಲದ ಮಿತಿಯಿಲ್ಲದ ಆಟಕ್ಕೆ ಹುಟ್ಟಿದ ಸರಾಸರಿಯು ಎಸೆತಗಳ ಮಿತಿಯಿರುವ ಆಟಕ್ಕೆ ಸಾಲದೆಂಬುದು ಮೊದಲ ವಿಶ್ವಕಪ್ಪಿನ ಮೊದಲ ದಿನವೇ ಬಯಲಾಯಿತು. 1975ರ ಜೂನ್ 7ರಂದು ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ 60 ಓವರುಗಳಲ್ಲಿ 334 ರನ್ ಮಾಡಿತು. ಉತ್ತರವಾಗಿ ಸುನಿಲ್ ಗಾವಸ್ಕರ್ 174 ಎಸೆತಗಳನ್ನು ಎದುರಿಸಿ ಔಟಾಗದೆ 36 ರನ್ ಮಾಡಿದರು. ಭಾರತ 132ಕ್ಕೆ 3. ಸರಾಸರಿಯ ಲೆಕ್ಕಕ್ಕೆ ಆ 36 ರನ್ ಶುದ್ಧ ಲಾಭ, ಔಟಾದದ್ದೇ ಇಲ್ಲ! ಪಂದ್ಯದ ಲೆಕ್ಕಕ್ಕೆ ಅದು ಸೋಲಿನ ಇನ್ನೊಂದು ಹೆಸರು. ನೂರು ಎಸೆತಗಳಿಗೆ ಎಷ್ಟು ರನ್ ಎಂಬ ಲೆಕ್ಕ ಬಳಕೆಗೆ ಬಂದದ್ದು ಇಂಥ ಕೊರತೆಯನ್ನು ತುಂಬಲೆಂದು.

ಆದರೆ ಈ ಹೊಸ ಅಳತೆಯನ್ನು ಹಿಂದಿರುಗಿ ಟೆಸ್ಟ್ ಪಂದ್ಯಕ್ಕೆ ಹೊರಿಸಿದರೆ ಮತ್ತೊಂದು ಅನ್ಯಾಯವಾಗುತ್ತದೆ. ದ್ರಾವಿಡರು ನೂರು ಎಸೆತಗಳಿಗೆ ಗಳಿಸಿದ್ದು 42.51 ರನ್. ಅದನ್ನು ನಿಧಾನವೆನ್ನಬಹುದು. ಅದೇ ಪುಸ್ತಕದ ಇನ್ನೊಂದು ಕಾಲಂ ನೋಡಿದರೆ, ಅವರು ಟೆಸ್ಟ್‌ಗಳಲ್ಲಿ ಎದುರಿಸಿದ ಎಸೆತಗಳು 31,258. ಅಷ್ಟನ್ನು ಬೇರೆ ಯಾರೂ ಎದುರಿಸಿಲ್ಲ. ಔಟಾದದ್ದು 254 ಸಲ. ಅವರನ್ನು ಒಮ್ಮೆ ಹೊರಗಟ್ಟಲು ಎದುರಾಳಿಗಳು ಸರಾಸರಿ 123 ಎಸೆತ ಹಾಕಬೇಕಾಯಿತು. ಹೊಸ ಚೆಂಡು ಹಳೆಯದಾಗುವವರೆಗೆ ಅವರು ತಡೆದು ನಿಂತದ್ದರಿಂದ ಹಿಂದಿನಿಂದ ಬಂದವರಿಗೆ ದಾರಿ ಸುಗಮವಾಯಿತು. ಆದರೂ ಆ ರನ್ನುಗಳು ದಾಖಲಾದದ್ದು ಬೇರೆಯವರ ಹೆಸರಿನ ಮುಂದೆ.

ಒಂದೊಂದು ಇನಿಂಗ್ಸನ್ನೂ ತೂಗುವ ಯತ್ನ

ಈ ಎಲ್ಲ ತೊಡಕುಗಳನ್ನೂ ಒಟ್ಟಿಗೆ ಎದುರಿಸುವ ಪ್ರಯತ್ನ 1987ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಮಾಜಿ ನಾಯಕ ಟೆಡ್ ಡೆಕ್ಸ್‌ಟರ್‌ರ ಪ್ರೇರಣೆಯಿಂದ ಗಾರ್ಡನ್ ವಿನ್ಸ್ ಮತ್ತು ರಾಬ್ ಈಸ್ಟವೇ ಎಂಬವರು ಡೆಲಾಯ್ಟ್ಸ್ ಸಂಸ್ಥೆಯ ಹೆಸರಿನಲ್ಲಿ ಕಂಪ್ಯೂಟರ್ ಮಾಪನವೊಂದನ್ನು ಸಿದ್ಧಪಡಿಸಿದರು. ಬೌಲರ್‌ಗಳ ಸಾಮರ್ಥ್ಯ, ಆ ಪಂದ್ಯದಲ್ಲಿ ರನ್ ಗಳಿಸುವುದು ಎಷ್ಟು ಕಷ್ಟವಿತ್ತು, ಪಂದ್ಯದ ಫಲಿತಾಂಶ, ಔಟಾಗದೆ ಉಳಿದದ್ದು, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಇತ್ತೀಚಿನ ಇನಿಂಗ್ಸ್‌ಗೆ ಹೆಚ್ಚಿನ ತೂಕ ಕೊಟ್ಟು, ಸಾವಿರದೊಳಗಿನ ಒಂದು ಅಂಕ ಕೊಡುವುದು ಅದರ ಕ್ರಮ. ಇಂದು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿಯ ಶ್ರೇಯಾಂಕ ಪಟ್ಟಿಯಾಗಿ ನಾವು ಓದುವುದು ಅದರ ಸಂತತಿಯನ್ನೇ. ಹಿಂದಿನ ಕಾಲಕ್ಕೂ ಅನ್ವಯಿಸಿದಾಗ ಟೆಸ್ಟ್‌ಗಳ ಅತ್ಯುನ್ನತ ಅಂಕ ಬ್ರ್ಯಾಡ್‌ಮನ್‌ಗೇ ಸಂದಿತು: 961.

2001ರಲ್ಲಿ ವಿಸ್ಡನ್ ಹೆಸರಿನಲ್ಲಿ ಇನ್ನೊಂದು ಪಟ್ಟಿ ಬಂದಿತು. ಲೆಕ್ಕದ ಹೊಣೆ ಹೊತ್ತವರು ಭಾರತದ ಅನಂತನಾರಾಯಣನ್. ಆಟಗಾರನ ಒಟ್ಟು ಜೀವನವನ್ನು ಬಿಟ್ಟು, ಒಂದೊಂದು ಇನಿಂಗ್ಸನ್ನೂ ಪಿಚ್, ಎದುರಾಳಿ, ತಂಡದ ಸ್ಥಿತಿ ಮೊದಲಾದವುಗಳೊಡನೆ ತೂಗಿ ನೂರು ಶ್ರೇಷ್ಠ ಟೆಸ್ಟ್ ಇನಿಂಗ್ಸ್‌ಗಳನ್ನು ಆರಿಸಲಾಯಿತು. ಮೊದಲ ಸ್ಥಾನ 1937ರಲ್ಲಿ ಮೆಲ್ಬರ್ನ್‌ನಲ್ಲಿ ಬ್ರ್ಯಾಡ್‌ಮನ್ ಗಳಿಸಿದ 270ಕ್ಕೆ. ಅದೇ ಪಟ್ಟಿಯ 38ನೆಯ ಸ್ಥಾನದಲ್ಲಿ ಶತಕವೇ ಅಲ್ಲದ ಒಂದು ಇನಿಂಗ್ಸ್ ಇದೆ. ಅದು ಭದ್ರಾವತಿಯಲ್ಲಿ ಹುಟ್ಟಿದ ನಮ್ಮ ವಿಶ್ವನಾಥರದು.

1975ರ ಜನವರಿ 11, ಮದರಾಸಿನ ಚೆಪಾಕ್. ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ದಿನ. ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥರದು ಔಟಾಗದೆ 97, ಅಂದರೆ ಅರ್ಧಕ್ಕಿಂತ ಹೆಚ್ಚು. ಕೊನೆಯ ಜೊತೆಗಾರ ಔಟಾದಾಗ ಶತಕಕ್ಕೆ ಮೂರು ರನ್ ಉಳಿದಿತ್ತು. ವೆಸ್ಟ್ ಇಂಡೀಸ್ 192ಕ್ಕೆ ಮುಗಿಯಿತು. ಎರಾಪಳ್ಳಿ ಪ್ರಸನ್ನರಿಗೆ 5 ವಿಕೆಟ್. ಕೊನೆಗೆ ಭಾರತ 100 ರನ್ನುಗಳಿಂದ ಗೆದ್ದಿತು. ವಿಶ್ವನಾಥರ 14 ಶತಕಗಳ ಲೆಕ್ಕದಲ್ಲಿ ಈ ಇನಿಂಗ್ಸ್ ಸೇರುವುದೇ ಇಲ್ಲ. ಆ 14 ಶತಕಗಳು ಬಂದ ಯಾವ ಟೆಸ್ಟನ್ನೂ ಭಾರತ ಸೋಲಲಿಲ್ಲ. ನಾಲ್ಕರಲ್ಲಿ ಗೆದ್ದಿತು, ಉಳಿದವು ಡ್ರಾ ಆದವು. 41.93 ಎಂಬ ಅಂಕಿಯಲ್ಲಿ ಈ ಯಾವ ಸಂಗತಿಗೂ ಎಡೆಯಿಲ್ಲ. ಆ ದಿನವನ್ನು ಕಂಡ ಹಿರಿಯರು ಅಂಕಿಯ ಆಧಾರವಿಲ್ಲದೆಯೇ ಹೇಳುತ್ತಿದ್ದ ಮಾತನ್ನು ಇಪ್ಪತ್ತಾರು ವರ್ಷಗಳ ನಂತರ ಅಂಕಿಯೂ ಅನುಮೋದಿಸಿತು. ಒಳ್ಳೆಯ ಸಂಖ್ಯಾಶಾಸ್ತ್ರವು ಬಲ್ಲವರ ಕಣ್ಣಿಗೆ ಶತ್ರುವಲ್ಲವೆಂಬುದಕ್ಕೆ ಇದು ಸಾಕ್ಷಿ.

ಎಣಿಕೆಗೆ ಸಿಗದವರು

ಎಷ್ಟೇ ಸೂಕ್ಷ್ಮವಾದ ಸೂತ್ರಕ್ಕೂ ಒಂದು ಮಿತಿಯಿದೆ: ದಾಖಲಾದದ್ದನ್ನು ಮಾತ್ರ ಅದು ತೂಗಬಲ್ಲದು. 1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡಾಗ ಕಪಿಲ್ ದೇವ್ ಔಟಾಗದೆ 175 ರನ್ ಮಾಡಿದ್ದು ಎಲ್ಲರಿಗೂ ಗೊತ್ತು. 140ಕ್ಕೆ 8 ಆದ ಮೇಲೆ ಕ್ರೀಸಿಗೆ ಬಂದು ಕೊನೆಯವರೆಗೂ ಅವರ ಜೊತೆ ನಿಂತು, ಮುರಿಯದ 126 ರನ್ನುಗಳ ಜೊತೆಯಾಟ ಕಟ್ಟಿದವರು ಕರ್ನಾಟಕದ ಸೈಯದ್ ಕಿರ್ಮಾನಿ. ಅವರ ಹೆಸರಿನ ಮುಂದೆ ಇರುವುದು 24. ಆ ಇಪ್ಪತ್ತನಾಲ್ಕು ಇಲ್ಲದೆ ಆ ನೂರಎಪ್ಪತ್ತೈದು ಇರುತ್ತಿರಲಿಲ್ಲ.

ಇದಕ್ಕಿಂತ ಆಳವಾದ ಅನ್ಯಾಯ ಅವಕಾಶವೇ ಸಿಗದವರದು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು 1976ರ ಅಕ್ಟೋಬರ್ 31ರಂದು, ಬೆಂಗಳೂರಿನಲ್ಲಿ. ನಾಯಕಿ ಕರ್ನಾಟಕದ ಪರವಾಗಿ ಆಡಿದ ಶಾಂತಾ ರಂಗಸ್ವಾಮಿ. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 108 ರನ್ ಗಳಿಸಿ, ಭಾರತದ ಪರ ಟೆಸ್ಟ್ ಶತಕ ಬಾರಿಸಿದ ಮೊದಲ ಮಹಿಳೆಯಾದರು. ಆ ತಿಂಗಳ ನಂತರ 1984ರವರೆಗೆ ಭಾರತದ ಮಹಿಳೆಯರಿಗೆ ಒಂದೇ ಒಂದು ಟೆಸ್ಟ್ ಪಂದ್ಯವೂ ದೊರೆಯಲಿಲ್ಲ. ಆಟಗಾರ್ತಿಯ ಜೀವನದ ಉತ್ತಮ ವರ್ಷಗಳು ಹಾಗೆಯೇ ಕಳೆದುಹೋದವು. 1991ರವರೆಗೆ ಅವರು ಆಡಿದ್ದು 16 ಟೆಸ್ಟ್. ಗಳಿಸಿದ್ದು 750 ರನ್. ಆಡಲಾಗದ ಪಂದ್ಯಗಳ ರನ್ನುಗಳನ್ನು ಯಾವ ಸೂತ್ರದಿಂದ ಕೂಡಿಸುವುದು?

ಈ ದೇಶದಲ್ಲಿ ಇಂಥದೇ ಪ್ರಶ್ನೆಗೆ ತಡವಾಗಿಯಾದರೂ ಒಂದು ಉತ್ತರ ದೊರೆತಿದೆ. ವರ್ಣಭೇದದ ಕಾರಣ ಮುಖ್ಯ ಲೀಗುಗಳಿಂದ ಹೊರಗಿಡಲ್ಪಟ್ಟ ಕಪ್ಪು ಆಟಗಾರರು ತಮ್ಮದೇ ಲೀಗುಗಳಲ್ಲಿ ಆಡುತ್ತಿದ್ದರು. 1920ರಿಂದ 1948ರವರೆಗಿನ ಆ ಲೀಗುಗಳ ಅಂಕಿಗಳನ್ನು 2024ರಲ್ಲಿ ಬೇಸ್‌ಬಾಲಿನ ಅಧಿಕೃತ ದಾಖಲೆಗೆ ಸೇರಿಸಲಾಯಿತು. ಆಗ ಜೀವಮಾನದ ಸರಾಸರಿಯಲ್ಲಿ ಟೈ ಕಾಬ್‌ನ 0.367ನ್ನು ಹಿಂದೆ ಹಾಕಿ ಜಾಶ್ ಗಿಬ್ಸನ್‌ನ 0.372 ಮೊದಲ ಸ್ಥಾನಕ್ಕೆ ಏರಿತು. ಗಿಬ್ಸನ್ 1947ರಲ್ಲೇ ತೀರಿಕೊಂಡಿದ್ದನು. ಅವನ ಆಟದಲ್ಲಿ ಏನೂ ಬದಲಾಗಿರಲಿಲ್ಲ. ಯಾರನ್ನು ಎಣಿಸಬೇಕೆಂಬ ನಿರ್ಧಾರ ಮಾತ್ರ ಬದಲಾಗಿತ್ತು.

ಉಪಸಂಹಾರ

ಹೀಗೆ ಬ್ಯಾಟುಗಾರನ ಅಳತೆಯ ಇತಿಹಾಸವು, ಹಿಂದಿನವರು ಬಿಟ್ಟದ್ದನ್ನು ಮುಂದಿನವರು ಸೇರಿಸಿಕೊಂಡು ಬಂದ ಇತಿಹಾಸ. ಔಟಾಗದವನಿಗೆ ಎಷ್ಟು ಸಲ್ಲಬೇಕು, ಎದುರಾಳಿ ಯಾರು, ಅಂಗಳ ಎಂಥದು, ಕಾಲ ಯಾವುದು, ಆಟದ ಅಗತ್ಯ ಏನಿತ್ತು, ಎಷ್ಟು ಅವಕಾಶ ಸಿಕ್ಕಿತ್ತು ಎಂಬ ಪ್ರಶ್ನೆಗಳು ಒಂದೊಂದಾಗಿ ಲೆಕ್ಕಕ್ಕೆ ಬಂದವು. ಯಾವುದೊಂದು ಅಂಕಿಯೂ ಇವೆಲ್ಲಕ್ಕೂ ಒಟ್ಟಿಗೆ ಉತ್ತರ ಕೊಡಲಾರದು. ಹಾಗೆಂದು ಅಂಕಿಗಳನ್ನೇ ತಿರಸ್ಕರಿಸಿದರೆ ಗಟ್ಟಿಯಾಗಿ ಕೂಗುವವನ ಅಭಿಪ್ರಾಯವೇ ಗೆಲ್ಲುತ್ತದೆ. ಅದು ಇನ್ನೂ ದೊಡ್ಡ ಅನ್ಯಾಯ.

ನಾವು ಪರದೇಶದಲ್ಲಿ ನೆಲೆಸಿ, ನಮ್ಮನ್ನೂ ನಮ್ಮ ಮಕ್ಕಳನ್ನೂ ದಿನವೂ ಅಂಕಿಗಳಿಗೆ ಒಡ್ಡಿಕೊಂಡವರು. ಪರೀಕ್ಷೆಯ ಅಂಕ, ಶಾಲೆಯ ಶ್ರೇಣಿ, ಕಚೇರಿಯ ವಾರ್ಷಿಕ ಮೌಲ್ಯಮಾಪನ, ಇವೆಲ್ಲವೂ ಒಂದೊಂದು ಸರಾಸರಿಯೇ. ಮಗುವಿನ ಕೈಯಲ್ಲಿ ಅಂಕಪಟ್ಟಿ ಕಂಡಾಗ ಅದನ್ನು ನಿರ್ಲಕ್ಷಿಸಬೇಕಾಗಿಲ್ಲ. ಆದರೆ ಪಿಚ್ ಹೇಗಿತ್ತು, ಬೌಲರ್ ಯಾರು, ಜೊತೆಗೆ ನಿಂತವರು ಯಾರು ಎಂದು ವಿಚಾರಿಸಿದ ಮೇಲೆ ತೀರ್ಪು ಕೊಡುವುದು ಒಳ್ಳೆಯದು. ಚೆಪಾಕಿನ 97 ರನ್ನುಗಳಿಗೆ ಸಲ್ಲಬೇಕಾದ ಬೆಲೆ ಅಂಕಿಯ ಲೋಕದಲ್ಲಿ ಸಲ್ಲಲು ಇಪ್ಪತ್ತಾರು ವರ್ಷ ಬೇಕಾಯಿತು. ನಮ್ಮ ಮನೆಗಳಲ್ಲಿ ಅಷ್ಟು ತಡವಾಗದಿರಲಿ.